ಕಡಲೂರಿನ ಸಿಹಿನೀರು

ಒಳನಾಡಿನ ಒಣನೆಲದವರಿಗೆ ಕಡಲೆಂಬುದು ಬಹುಕಾಲ ಬರಿಯ ಮಾತಾಗಿತ್ತೇ ಹೊರತು ಒಂದು ಸ್ಥಳವಾಗಿರಲಿಲ್ಲ. ನಮ್ಮ ಹನೂರಿನ ಸಂತೆಗೆ ಅದು ಎರಡು ರೂಪಗಳಲ್ಲಿ ಬರುತ್ತಿತ್ತು; ಒಂದು ಉಪ್ಪು, ಇನ್ನೊಂದು ಒಣಮೀನು. ಇವೆರಡೂ ಎಲ್ಲಿಂದ ಬಂದವೆಂದು ಕೇಳಿದವರಿಲ್ಲ. ರಾಮೇಶ್ವರಕ್ಕೆ ಹೋಗಿ ಬಂದ ಹಿರಿಯರೊಬ್ಬರಿಬ್ಬರು ಸಮುದ್ರದಲ್ಲಿ ಮಿಂದ ಕಥೆಯನ್ನು ಹೇಳುತ್ತಿದ್ದರು. ಅದು ಪುಣ್ಯದ ಲೆಕ್ಕಕ್ಕೆ ಸೇರಿದ ಮಾತು. ಕಡಲ ದಡದಲ್ಲಿ ಮನೆ ಮಾಡಿಕೊಂಡು ಕಡೆಗಾಲವನ್ನು ಕಳೆಯಬೇಕೆಂಬ ಆಸೆ ಅವರಲ್ಲಿ ಯಾರಿಗೂ ಇದ್ದಂತೆ ನಾನು ಕೇಳಿಲ್ಲ. ನೌಕರಿಯಿಂದ ನಿವೃತ್ತರಾದವರ ಮೋಕ್ಷಸ್ಥಾನ ಮೈಸೂರು. ಅಲ್ಲಿ ಒಂದು ನಿವೇಶನ, ಬೆಳಗಿನ ವಾಯುವಿಹಾರಕ್ಕೆ ಒಂದು ಕೆರೆಯ ಏರಿ, ಸಂಜೆ ಒಂದು ಸಂಗೀತ ಕಚೇರಿ. ಇದಕ್ಕಿಂತ ಹೆಚ್ಚಿನ ಸ್ವರ್ಗವನ್ನು ನನ್ನ ಸಹೋದ್ಯೋಗಿಗಳು ಕಲ್ಪಿಸಿಕೊಂಡಿರಲಿಲ್ಲ.

ಈಗ ಕಾಲ ಬೇರೆಯಾಗಿದೆ. ಕಡಲೂರಿನಲ್ಲಿ, ಅದರಲ್ಲೂ ದೊಡ್ಡ ನಗರಕ್ಕೆ ಅಂಟಿಕೊಂಡಂತಿರುವ, ಅನುಕೂಲಸ್ಥರು ನೆಲೆಸಿದ ಕಡಲೂರಿನಲ್ಲಿ, ಒಂದು ಮನೆಯಿರಬೇಕೆಂಬುದು ಬಹಳ ಮಂದಿಯ ಹಂಬಲವಾಗಿದೆ. ಈ ಹಂಬಲದ ಬೇರು ಯಾವುದು ಎಂಬುದೇ ಇಂದಿನ ನನ್ನ ಮಾತಿನ ವಿಷಯ. ಹೊರಗೆ ನಿಂತು ವಿಮರ್ಶಿಸುವ ಸ್ಥಿತಿಯಲ್ಲಿ ನಾನಿಲ್ಲ ಎಂಬುದನ್ನು ಶ್ರೋತೃಗಳಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ನನ್ನ ಮಗಳೂ ಅಳಿಯಂದಿರೂ ಮಂಗಳೂರಿನ ಉತ್ತರಕ್ಕಿರುವ ಸುರತ್ಕಲ್ಲಿನಲ್ಲಿ ನೆಲೆಸಿದ್ದಾರೆ. ನನ್ನ ಮಡದಿಯ ಹೃದಯದ ಚಿಕಿತ್ಸೆಗೆಂದು ನಾವು ಅಲ್ಲಿಗೆ ಹೋದವರು ಒಂದೂವರೆ ವರ್ಷ ಉಳಿದೆವು. ಹನೂರಿನ ಮನೆಯನ್ನೂ ಅದರ ಹಿಂದಿರುವ ಮೂರು ಎಕರೆ ಹೊಲವನ್ನೂ ಮಾರಿ ಅಲ್ಲಿಯೇ ಒಂದು ಮನೆ ಕೊಳ್ಳಬೇಕೆಂಬುದು ಮಕ್ಕಳ ಒತ್ತಾಯ. “ಅಪ್ಪಾಜಿ, ಆ ಮನೆಯನ್ನು ಯಾರಿಗೋಸ್ಕರ ಇಟ್ಟುಕೊಂಡಿದ್ದೀರಿ?” ಎಂದು ಮಗಳು ಕೇಳುತ್ತಾಳೆ. ಪ್ರಶ್ನೆ ಸರಳವಾದದ್ದು. ಉತ್ತರಕ್ಕಾಗಿ ನಾನು ತಡಕಾಡುತ್ತಿದ್ದೇನೆ.

ಅಲಂಕಾರಶಾಸ್ತ್ರವನ್ನು ಪಾಠ ಹೇಳಿದವನಾದ್ದರಿಂದ ಒಂದು ಮಾತನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಮಹಾಕಾವ್ಯದಲ್ಲಿ ಇರಬೇಕಾದ ವರ್ಣನೆಗಳನ್ನು ಎಣಿಸುವಾಗ ದಂಡಿಯು ಮೊದಲು ನಗರವನ್ನೂ, ಅದರ ಬೆನ್ನಿಗೇ ಸಮುದ್ರವನ್ನೂ, ಆಮೇಲೆ ಪರ್ವತವನ್ನೂ ಹೇಳುತ್ತಾನೆ. ನಮ್ಮ ಚಂಪೂ ಕವಿಗಳಲ್ಲಿ ಎಷ್ಟೋ ಮಂದಿ ಕಥೆಗೆ ಬೇಕಿರಲಿ ಬಿಡಲಿ ಸಮುದ್ರವನ್ನು ವರ್ಣಿಸಿಯೇ ತೀರಿದರು. ಅವರಲ್ಲಿ ಅದನ್ನು ಕಣ್ಣಾರೆ ಕಂಡವರು ಎಷ್ಟು ಮಂದಿಯೋ! ಕಡಲನ್ನು ಕಂಡು ಬೆಳೆದ ಮೂಡಬಿದಿರೆಯ ಕಡೆಯ ಕವಿಯೊಬ್ಬನಿಗೆ ರತ್ನಾಕರನೆಂದೇ ಹೆಸರಿತ್ತು ಎಂಬುದು ಬೇರೆಯ ಮಾತು. ನಗರವೂ ಸಮುದ್ರವೂ ಒಂದೇ ಉಸಿರಿನಲ್ಲಿ ಬರುವ ಆ ಪಟ್ಟಿ ಇಂದಿನ ನಿವೇಶನ ಮಾರುವವರ ಜಾಹೀರಾತಿಗೆ ಚೆನ್ನಾಗಿ ಹೊಂದುತ್ತದೆ. ಪರ್ವತ ನಮ್ಮ ಪಾಲಿಗೆ ಉಳಿಯಿತು. ಮಲೆ ಮಹದೇಶ್ವರನ ಎಪ್ಪತ್ತೇಳು ಮಲೆಗಳೆಂದು ಹಾಡುವ ಊರು ನಮ್ಮದು.

ಹನೂರಿಗೂ ಆ ಕರಾವಳಿಗೂ ಸಂಬಂಧವೇ ಇಲ್ಲವೆಂದು ಭಾವಿಸುವುದು ಸಹಜ. ಚರಿತ್ರೆ ಹಾಗೆ ಹೇಳುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಸೀಮೆಯೂ ಕೊಯಮತ್ತೂರು ಸೀಮೆಯೂ ಕಂಪೆನಿಯ ಪಾಲಾದವು; ಹನೂರನ್ನು ಒಳಗೊಂಡ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತು. ಅಲ್ಲಿಂದ ಮುಂದೆ ಒಂದೂವರೆ ಶತಮಾನ ಮಂಗಳೂರಿನವರಿಗೂ ನಮಗೂ ರಾಜಧಾನಿ ಮದರಾಸು. 1956ರ ನವೆಂಬರ್ 1ರಂದು ಒಂದೇ ದಿನ ನಾವಿಬ್ಬರೂ ಮೈಸೂರು ರಾಜ್ಯಕ್ಕೆ ಬಂದೆವು. 1997ರಲ್ಲಿ ದಕ್ಷಿಣ ಕನ್ನಡವನ್ನು ಒಡೆದು ಉಡುಪಿ ಜಿಲ್ಲೆಯನ್ನು ಮಾಡಿದಾಗಲೇ ಮೈಸೂರನ್ನು ಒಡೆದು ನಮ್ಮ ಚಾಮರಾಜನಗರವನ್ನೂ ಮಾಡಿದರು. ಒಂದೇ ಮನೆಯಲ್ಲಿ ಬೆಳೆದ ಇಬ್ಬರು ದಾಯಾದಿಗಳಲ್ಲಿ ಒಬ್ಬನು ಸಿರಿವಂತನಾಗಿ ಇನ್ನೊಬ್ಬನು ಇದ್ದಲ್ಲಿಯೇ ಇದ್ದರೆ ಕಾರಣವನ್ನು ಹುಡುಕಬೇಕಾಗುತ್ತದೆ. ಕಡಲಿತ್ತು, ಆದ್ದರಿಂದ ಸಿರಿ ಬಂತು ಎಂದು ಸುಲಭವಾಗಿ ಹೇಳಿಬಿಡುವವರಿದ್ದಾರೆ. ಅಲ್ಲಿಯ ಜನರೊಡನೆ ಒಂದೂವರೆ ವರ್ಷ ಕಳೆದ ಮೇಲೆ ನನಗೆ ಆ ಮಾತು ಸಾಲದೆನಿಸಿದೆ.

ಸುರತ್ಕಲ್ಲಿನ ಬದುಕಿನ ಸುಖವನ್ನು ಮೊದಲು ಹೇಳಬೇಕು. ಅದನ್ನು ಅಲ್ಲಗಳೆದರೆ ಕೃತಘ್ನತೆಯಾದೀತು. ಮನೆಯಿಂದ ಹತ್ತು ನಿಮಿಷ ನಡೆದರೆ ಕಡಲು. ಬಂಡೆಯ ಬಳಿ ದೀಪಸ್ತಂಭ, ದಡದಲ್ಲಿಯೇ ಸದಾಶಿವ ದೇವಸ್ಥಾನ. 1960ರಲ್ಲಿ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಾಗಿ ಹುಟ್ಟಿ 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾದ ವಿದ್ಯಾಲಯದ ನೆರಳು ಊರಿನ ಮೇಲಿದೆ. ದೇಶದ ಮೂಲೆಮೂಲೆಯ ಹುಡುಗರು ಸಂಜೆ ಮರಳಿನ ಮೇಲೆ ಕುಳಿತು ನಾಲ್ಕಾರು ಭಾಷೆಗಳಲ್ಲಿ ಹರಟುತ್ತಾರೆ. ಹೆದ್ದಾರಿಗೆ ಬಂದು ನಿಂತರೆ ಮಂಗಳೂರಿನ ಬಸ್ಸಿಗೆ ಕಾಯುವ ಪ್ರಮೇಯವೇ ಇಲ್ಲ. ಒಂದರ ಹಿಂದೆ ಒಂದು ಬರುತ್ತದೆ, ನಿರ್ವಾಹಕನು ಮುದುಕರನ್ನು ಕೈಹಿಡಿದು ಹತ್ತಿಸಿಕೊಂಡು ಮರುಕ್ಷಣವೇ ಸೀಟಿ ಊದುತ್ತಾನೆ. ರೈಲು ನಿಲ್ದಾಣದಲ್ಲಿ ಸರಕು ತುಂಬಿದ ಲಾರಿಗಳನ್ನೇ ಸಾಲಾಗಿ ರೈಲಿನ ಮೇಲೇರಿಸಿ ಕೊಂಕಣದ ಕಡೆಗೆ ಕಳುಹಿಸುವುದನ್ನು ನೋಡುತ್ತ ನಾನು ಎಷ್ಟೋ ಹೊತ್ತು ನಿಂತದ್ದುಂಟು. ರೈಲನ್ನೇ ಕಾಣದ ತಾಲ್ಲೂಕಿನವನಿಗೆ ಅದೂ ಒಂದು ಯಕ್ಷಗಾನವೇ. ಎಲ್ಲಕ್ಕಿಂತ ಮುಖ್ಯವಾದುದು ವೈದ್ಯರು. ಹನೂರಿನಲ್ಲಿ ಮಡದಿಗೆ ಎದೆನೋವು ಕಾಣಿಸಿದ ರಾತ್ರಿ ಕೊಳ್ಳೇಗಾಲವನ್ನು ದಾಟಿ ಮೈಸೂರನ್ನು ಮುಟ್ಟುವ ಹೊತ್ತಿಗೆ ಎರಡು ಗಂಟೆಗೂ ಮೀರಿತ್ತು. ಸುರತ್ಕಲ್ಲಿನಲ್ಲಿ ಅದೇ ನೋವು ಮರುಕಳಿಸಿದಾಗ ಅರ್ಧ ಗಂಟೆಯೊಳಗೆ ಆಕೆ ತಜ್ಞರ ಕೈಯಲ್ಲಿದ್ದಳು. ಈ ಒಂದೂವರೆ ಗಂಟೆಯ ವ್ಯತ್ಯಾಸದ ಮುಂದೆ ಊರಿನ ಮೇಲಿನ ಅಭಿಮಾನದ ಮಾತುಗಳೆಲ್ಲ ನಿಲ್ಲುವುದು ಕಷ್ಟ.

ಆದರೆ ಮಡದಿಯನ್ನು ಆ ಊರಿಗೆ ಕಟ್ಟಿಹಾಕಿದ್ದು ವೈದ್ಯರೂ ಅಲ್ಲ, ಕಡಲೂ ಅಲ್ಲ. ಹೋದ ದಿನವೇ ಆಕೆ ಕಂಡದ್ದು ಹಿತ್ತಿಲಿನ ಬಾವಿಯನ್ನು. ಹಗ್ಗ ಇಳಿಬಿಟ್ಟರೆ ಹದಿನೈದು ಇಪ್ಪತ್ತು ಅಡಿಗೆ ನೀರು. ಕೊಡ ಮೇಲೆ ಬಂದಾಗ ತಣ್ಣಗೆ, ಸಿಹಿಯಾಗಿ, ಪನ್ನೀರಿನಂತೆ. ಕಡಲು ಕೂಗಳತೆಯಲ್ಲಿ ಮೊರೆಯುತ್ತಿರುವಾಗ ಈ ಸಿಹಿನೀರು ಎಲ್ಲಿಂದ ಬಂತೆಂದು ಆಕೆಗೆ ತಿಂಗಳುಗಟ್ಟಲೆ ಬೆರಗು. ನಮ್ಮ ಹೊಲದಲ್ಲಿ ಏಳುನೂರು ಅಡಿಗೆ ಕೊರೆಸಿದ ಕೊಳವೆಬಾವಿ ಎರಡನೆಯ ಬೇಸಿಗೆಗೆ ಬರಿಯ ಗಾಳಿ ಉಗುಳಿತು. ಹರೆಯದಲ್ಲಿ ಸೊಂಟದ ಮೇಲೊಂದು, ತಲೆಯ ಮೇಲೊಂದು ಕೊಡ ಹೊತ್ತು ನಡೆದವಳಿಗೆ ಮನೆಯ ಹಿಂದೆಯೇ ಬಾವಿಯಿರುವುದು ಎಂತಹ ಐಶ್ವರ್ಯವೆಂದು ನನ್ನಂತಹ ಪುಸ್ತಕದ ಹುಳುವಿಗೆ ತಡವಾಗಿ ತಿಳಿಯಿತು. “ನೋಡಿ, ನಿಮ್ಮ ಕಡಲು ನಿಮಗೇ ಇರಲಿ. ನನಗೆ ಈ ಬಾವಿಕಟ್ಟೆ ಸಾಕು” ಎಂದು ಆಕೆ ಹೇಳಿದಳು.

ಆ ನೀರಿನ ಗುಟ್ಟನ್ನು ನನಗೆ ತಿಳಿಸಿಕೊಟ್ಟವರು ವಿದ್ಯಾಲಯದ ನಿವೃತ್ತ ಅಧ್ಯಾಪಕರೊಬ್ಬರು. ಮಂಗಳೂರಿನ ಸುತ್ತ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ನಮ್ಮ ಕಡೆಯ ಮಳೆ ಅದರ ಸುಮಾರು ಐದನೆಯ ಒಂದು ಪಾಲು. ಆ ಮಳೆ ಮರಳಿನಲ್ಲಿ ಇಂಗಿ, ಕೆಳಗೆ ಒತ್ತಿ ಬಂದಿರುವ ಉಪ್ಪುನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಹತ್ತೊಂಬತ್ತನೆಯ ಶತಮಾನವು ಮುಗಿದು ಇಪ್ಪತ್ತನೆಯದು ಹುಟ್ಟುವ ಹೊತ್ತಿಗೆ ಗೈಬೆನ್, ಹರ್ಜ್‌ಬರ್ಗ್ ಎಂಬ ಇಬ್ಬರು ಯುರೋಪಿಯನರು ಇದರ ಲೆಕ್ಕವನ್ನು ಕಂಡುಹಿಡಿದರು: ಸಿಹಿನೀರಿನ ಮಟ್ಟ ಕಡಲಿನ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ ಅದರ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಸಿಹಿನೀರಿರುತ್ತದೆ. ಕೇಳಲು ಸೊಗಸಾದ ಲೆಕ್ಕ. ತಿರುಗಿಸಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಮೇಲಿನ ಒಂದು ಅಡಿ ನೀರನ್ನು ಎಳೆದು ಖರ್ಚು ಮಾಡಿದರೆ ಕಾಲಕ್ರಮದಲ್ಲಿ ಕೆಳಗಿನಿಂದ ನಲವತ್ತು ಅಡಿ ಉಪ್ಪು ಮೇಲೇರುತ್ತದೆ. ಕೊಡದಿಂದ ಸೇದುವ ಕಾಲಕ್ಕೆ ಈ ಭಯವಿರಲಿಲ್ಲ. ಹತ್ತು ಅಂತಸ್ತಿನ ಮನೆಗಳ ಪಂಪುಗಳಿಗೆ ಆ ಸಂಯಮವಿಲ್ಲ. ದಡದ ಹಲವು ಬಾವಿಗಳ ನೀರು ಈಗಾಗಲೇ ಏಪ್ರಿಲ್ ತಿಂಗಳು ಬಂತೆಂದರೆ ನಾಲಗೆಗೆ ಚುರುಕೆನ್ನುತ್ತದೆ. 2016ರ ಮತ್ತು 2019ರ ಬೇಸಿಗೆಗಳಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ನೀರಿಳಿದು, ಇಷ್ಟು ಮಳೆ ಬೀಳುವ ಮಂಗಳೂರಿಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು.

ಈ ಬಾವಿಯ ಲೆಕ್ಕ ತಿಳಿದ ಮೇಲೆ ಆ ಊರಿನ ಸಿರಿಯ ಲೆಕ್ಕವೂ ನನಗೆ ಬೇರೆಯಾಗಿ ಕಾಣತೊಡಗಿತು. ಅದೂ ಹನಿಹನಿಯಾಗಿ ಇಂಗಿದ್ದು. 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಶಾಲೆ ತೆರೆದರು, ಅಚ್ಚುಕೂಟ ನಡೆಸಿದರು, 1865ರಲ್ಲಿ ಹಂಚಿನ ಕಾರ್ಖಾನೆ ಹೂಡಿದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಹೊರಟಿತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ್ದು ಮುಂದೆ ಕೆನರಾ ಬ್ಯಾಂಕಾಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳ್ತನದಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಬೀಜ ಬಿತ್ತು. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಒಂದು ಸಣ್ಣ ಜಿಲ್ಲೆಯಿಂದ ಐದು ಬ್ಯಾಂಕುಗಳು! ಇವುಗಳಲ್ಲಿ ಮೂರರ ಹೆಸರು 2019 ಮತ್ತು 2020ರ ವಿಲೀನಗಳಲ್ಲಿ ಅಳಿಸಿಹೋಯಿತೆಂದು ಅಲ್ಲಿಯ ಹಿರಿಯರು ಇಂದಿಗೂ ನೊಂದುಕೊಳ್ಳುತ್ತಾರೆ. ನನ್ನ ಮನಸ್ಸನ್ನು ಹಿಡಿದದ್ದು 1928ರ ಪಿಗ್ಮಿ ಠೇವಣಿ. ಸಿಂಡಿಕೇಟ್ ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಬಂದು ಎರಡಾಣೆ ಪಡೆದು ಬರೆದುಕೊಂಡು ಹೋಗುತ್ತಿದ್ದನು. ನೇಕಾರನೂ ಮೀನು ಮಾರುವ ಹೆಂಗಸೂ ಬ್ಯಾಂಕಿನ ಖಾತೆಯವರಾದರು. ನಮ್ಮ ಕಡೆಯೂ ದುಡಿಮೆಗೆ ಕೊರತೆಯಿರಲಿಲ್ಲ. ಮದರಾಸು ಪ್ರಾಂತದ ರೇಷ್ಮೆಯಲ್ಲಿ ಬಹುಪಾಲು ಕೊಳ್ಳೇಗಾಲ ತಾಲ್ಲೂಕಿನ ಹಿಪ್ಪುನೇರಳೆಯ ತೋಟಗಳಿಂದಲೇ ಹೋಗುತ್ತಿತ್ತು. ನಮ್ಮ ಬಾಗಿಲಿಗೆ ಎರಡಾಣೆ ಕೇಳಿಕೊಂಡು ಬಂದವರು ಮಾತ್ರ ಯಾರೂ ಇರಲಿಲ್ಲ. ಬಂದವರೆಲ್ಲ ಬಡ್ಡಿ ಕೇಳಲು ಬಂದವರೇ.

ಮಿಕ್ಕ ಸಿರಿಯನ್ನು ತಂದವರು ಊರು ಬಿಟ್ಟವರು. ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಕನ್ನಡದಲ್ಲಿಯೇ ಓದಿ ಮೇಲೆ ಬಂದ ಹುಡುಗರ ಕಥೆ ಅಲ್ಲಿ ಮನೆಗೊಂದಿದೆ. ಮೀನುಗಾರ ಮೊಗವೀರರು ಮುಂಬಯಿಯಲ್ಲಿ 1902ರಷ್ಟು ಹಿಂದೆಯೇ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡಿದ್ದರು. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಹೆಚ್ಚಿನ ಪ್ರಯೋಜನ ಪಡೆದ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡ ಮುಂಚೂಣಿಯದು. ಗೇಣಿದಾರನ ಮಗ ನೆಲದ ಒಡೆಯನಾಗಿ ಶಾಲೆಗೆ ಹೋದನು. ಎಣ್ಣೆಯ ಬೆಲೆ ಏರಿದ 1973ರ ಅನಂತರ ಕೊಲ್ಲಿ ದೇಶಗಳ ದಾರಿ ತೆರೆಯಿತು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಮೂರು ತಲೆಮಾರುಗಳ ಬದುಕಿನುದ್ದಕ್ಕೂ ಕಡಲಿನ ಮೊರೆತ ಕೇಳಿಸುತ್ತದೆ, ಆ ಮನೆಯವರಿಗೆ ಕಡಲು ನೋಟವಲ್ಲ, ನೆರೆಮನೆ. ಮೊಮ್ಮಗ ರಾಮನು ಕೊನೆಗೆ ಆ ಮಣ್ಣಿಗೆ ಮರಳುತ್ತಾನೆ. ಇಂದಿನ ಸುರತ್ಕಲ್ಲಿನಲ್ಲಿ ಮರಳಿ ಬರುವುದು ಹೆಚ್ಚಾಗಿ ಹಣ. ರಾಮ ಬರುವುದು ಅಪರೂಪ. ನಾವಿದ್ದ ಬೀದಿಯ ಹನ್ನೊಂದು ಮನೆಗಳಲ್ಲಿ ನಾಲ್ಕಕ್ಕೆ ಬೀಗ. ಇನ್ನೂ ಮೂರರಲ್ಲಿ ನಮ್ಮಂತೆಯೇ ಇಬ್ಬಿಬ್ಬರು ಮುದುಕರು, ರಾತ್ರಿ ಒಂಬತ್ತಕ್ಕೆ ಫೋನಿನ ತೆರೆಯ ಮೇಲೆ ಮೊಮ್ಮಕ್ಕಳ ದರ್ಶನ.

ಇನ್ನು ಕಡಲನ್ನು ಕುರಿತು. ಹೊಸ ಕಟ್ಟಡಗಳಲ್ಲಿ ಕಡಲು ಕಾಣುವ ಮನೆಗೆ ಒಂದು ಬೆಲೆ, ಕಾಣದ ಮನೆಗೆ ಇನ್ನೊಂದು ಬೆಲೆ. ಹಳೆಯ ಮನೆಗಳನ್ನು ಗಮನಿಸಿದೆ. ಅವು ದಡದಿಂದ ಹಿಂದೆ ಸರಿದು ತೆಂಗಿನ ತೋಟದ ಮರೆಯಲ್ಲಿ ತಲೆ ತಗ್ಗಿಸಿ ಕುಳಿತಿವೆ. ಉಪ್ಪುಗಾಳಿ ಕಿಟಕಿಯ ಸರಳುಗಳನ್ನು ತಿನ್ನುವ ಬಗೆಯನ್ನು ಎರಡು ಮಳೆಗಾಲ ನೋಡಿದವರಿಗೆ ಹಿರಿಯರ ವಿವೇಕ ಅರ್ಥವಾಗುತ್ತದೆ. ಗುಡ್ಡೆಕೊಪ್ಲದ ಕಡೆ ಬಲೆ ಹೆಣೆಯುತ್ತ ಕುಳಿತಿದ್ದ ವೃದ್ಧರೊಬ್ಬರ ಬಳಿ ನಾನು ದಿನವೂ ಸಂಜೆ ಕಡಲು ನೋಡಲು ಬರುತ್ತೇನೆಂದು ಹೇಳಿದಾಗ ಅವರು ತಲೆಯೆತ್ತದೆ, “ಕಡಲಲ್ಲಿ ನೋಡ್ಲಿಕ್ಕೆ ಎಂಥ ಉಂಟು ಮಾರಾಯ್ರೆ? ಅದು ಕೆಲಸಕ್ಕೆ ಹೋಗುವ ಜಾಗ” ಎಂದರು. ಅವರು ರಂಪಣಿಯ ಕಾಲದವರು. ದಡದಿಂದ ದೋಣಿಯಲ್ಲಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು, ಎರಡು ತುದಿಗಳಲ್ಲಿ ಹತ್ತಾರು ಜನ ನಿಂತು ಎಳೆಯುವ ಬಲೆ ಅದು, ಎಳೆದವರೆಲ್ಲರಿಗೂ ಪಾಲು. 1970ರ ದಶಕದ ನಡುವೆ ಯಂತ್ರದ ದೋಣಿಗಳ ಪರ್ಸೀನ್ ಬಲೆ ಬಂದು ಮೀನಿನ ಹಿಂಡನ್ನು ದಡ ಮುಟ್ಟುವ ಮುನ್ನವೇ ಮೊಗೆಯತೊಡಗಿದ ಮೇಲೆ ರಂಪಣಿ ಮೂಲೆ ಸೇರಿತು. ಈಗ ಜೂನ್, ಜುಲೈ ಎರಡು ತಿಂಗಳು ಯಂತ್ರದ ದೋಣಿಗಳಿಗೆ ನಿಷೇಧವಿದೆ. ಮೀನಿಗೆ ಅಷ್ಟಾದರೂ ಬಿಡುವು. ನೀರಿಗೆ ಅಂತಹ ಎರಡು ತಿಂಗಳನ್ನು ಯಾರೂ ಕೊಟ್ಟಿಲ್ಲ.

ಈ ಅನುಕೂಲಗಳಿಗಾಗಿ ಎದ್ದುಹೋದವರೂ ಇದ್ದಾರೆ. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದ ನವಮಂಗಳೂರು ಬಂದರಿಗಾಗಿ ಪಣಂಬೂರಿನ ಸುತ್ತಿನ ಕುಟುಂಬಗಳು ಗದ್ದೆ, ಮನೆ, ಬಾವಿಗಳನ್ನು ಬಿಟ್ಟು ಕಾಟಿಪಳ್ಳ, ಕೃಷ್ಣಾಪುರಗಳ ಗುಡ್ಡಕ್ಕೆ ಹೋದವು. ಆಮೇಲೆ ಗೊಬ್ಬರದ ಕಾರ್ಖಾನೆ, ಎಣ್ಣೆಯ ಶುದ್ಧೀಕರಣಾಗಾರ. ರಾತ್ರಿ ಮಗಳ ಮನೆಯ ಮಹಡಿಯಿಂದ ಪೂರ್ವಕ್ಕೆ ನೋಡಿದರೆ ಆ ಚಿಮಣಿಯ ಜ್ವಾಲೆ ಕಾಣುತ್ತದೆ. ಕಡಲು ಪಶ್ಚಿಮಕ್ಕಿದೆ; ಮಾರುವವರು ನಮಗೆ ಪಶ್ಚಿಮದ ಕಿಟಕಿಯನ್ನಷ್ಟೇ ತೆರೆದು ತೋರಿಸುತ್ತಾರೆ.

ಹಾಗೆ ತೋರಿಸಲು ನಮ್ಮನ್ನೂ ಕರೆದೊಯ್ದಿದ್ದರು. ಆರನೆಯ ಅಂತಸ್ತಿನಲ್ಲಿ ಎರಡು ಕೋಣೆಗಳ ಮನೆ. ನಮ್ಮ ಹನೂರಿನ ಮನೆಯನ್ನೂ ಮೂರು ಎಕರೆಯನ್ನೂ ತಕ್ಕಡಿಯ ಒಂದು ಕಡೆ ಇಟ್ಟರೆ ಇನ್ನೊಂದು ಕಡೆಗೆ ಅದೂ, ಅದರ ಮೇಲೆ ಸ್ವಲ್ಪ ಸಾಲವೂ ಬೇಕು. ಕಡಲು ಬಾಗಿಲು ತೆಗೆದ ಕೂಡಲೇ ಕಾಣುತ್ತಿತ್ತು, ಚೆನ್ನಾಗಿಯೂ ಕಾಣುತ್ತಿತ್ತು. ಮಡದಿ ಕೇಳಿದ ಪ್ರಶ್ನೆ ಒಂದೇ: “ಇಲ್ಲಿ ಬಾವಿ ಎಲ್ಲಿದೆ?” ಅವಳ ಮಾತಿಗೆ ನಗದೆ ಉತ್ತರಿಸಿದ ಆ ಯುವಕನ ಸೌಜನ್ಯವನ್ನು ಮೆಚ್ಚಬೇಕು. ಹಳೆಯ ಮನೆಯ ಬಾವಿಯನ್ನು ಮುಚ್ಚಿ ಅದರ ಮೇಲೆ ವಾಹನ ನಿಲ್ಲಿಸುವ ಜಾಗ ಮಾಡಿದ್ದಾರೆಂದೂ, ನಾಲ್ಕು ಕೊಳವೆಬಾವಿಗಳಿವೆಯೆಂದೂ, ಬೇಸಿಗೆಯಲ್ಲಿ ಟ್ಯಾಂಕರು ಬರುತ್ತದೆಯೆಂದೂ ವಿವರಿಸಿದನು. ಟ್ಯಾಂಕರಿನ ನೀರು ಎಲ್ಲಿಂದ ಬರುತ್ತದೆಂದು ನಾನು ಕೇಳಿದೆ. ಒಳಗಿನ ಹಳ್ಳಿಗಳ ಬಾವಿಗಳಿಂದ ಎಂದನು.

ನಾವು ಮುಂಗಡ ಕೊಡಲಿಲ್ಲ. ಹೊಲವನ್ನು ಮಾರಿಲ್ಲ, ಅದನ್ನು ಪಕ್ಕದ ಹೊಲದವರಿಗೆ ವಾರಕ್ಕೆ ಕೊಟ್ಟಿದ್ದೇನೆ, ಈ ವರ್ಷ ಜೋಳ ಹಾಕಿದ್ದಾರೆ. ಹನೂರಿನ ಮನೆಯಲ್ಲಿ ಶಾಲೆಯ ಉಪಾಧ್ಯಾಯರೊಬ್ಬರ ಕುಟುಂಬವಿದೆ. ಮುಂದಿನ ಕೋಣೆಯನ್ನೂ ಪುಸ್ತಕದ ಬೀರುಗಳನ್ನೂ ನಮಗೆಂದು ಬಿಟ್ಟುಕೊಟ್ಟಿದ್ದಾರೆ. ವೈದ್ಯರ ಆ ಅರ್ಧ ಗಂಟೆಯನ್ನು ಬಿಟ್ಟುಕೊಡುವ ಧೈರ್ಯ ನನಗಿಲ್ಲವಾದ್ದರಿಂದ ಮಗಳ ಬೀದಿಯಲ್ಲಿಯೇ, ಬೀಗ ಹಾಕಿದ್ದ ನಾಲ್ಕು ಮನೆಗಳಲ್ಲಿ ಒಂದನ್ನು, ಹಂಚಿನ ಮಾಡಿನ ಹಳೆಯ ಮನೆಯನ್ನು, ಹನ್ನೊಂದು ತಿಂಗಳಿಗೆ ಬಾಡಿಗೆಗೆ ಹಿಡಿದಿದ್ದೇವೆ. ಯಜಮಾನರು ಮಸ್ಕತ್ತಿನಲ್ಲಿದ್ದಾರೆ. ಕರಾರುಪತ್ರವನ್ನು ಅಲ್ಲಿಂದಲೇ ಬರೆಸಿ ಕಳುಹಿಸಿದರು. ಬಾಡಿಗೆಯನ್ನು ಕೇಳಿದ್ದಕ್ಕಿಂತ ಕಡಿಮೆಯೇ ಬರೆದಿದ್ದರು. ಕೊನೆಯಲ್ಲಿ ತಮ್ಮ ಕೈಬರಹದಿಂದ ಒಂದು ಷರತ್ತನ್ನು ಸೇರಿಸಿದ್ದರು: ತಾಯಿ ತೀರಿಕೊಂಡ ಮೇಲೆ ಬಾವಿಯನ್ನು ಯಾರೂ ಮುಟ್ಟಿಲ್ಲ, ಆದ್ದರಿಂದ ಬಾಡಿಗೆದಾರರು ದಿನಕ್ಕೆ ನಾಲ್ಕು ಕೊಡವಾದರೂ ನೀರನ್ನು ಕೈಯಿಂದಲೇ ಸೇದಬೇಕು, ಪಂಪು ಹಾಕಕೂಡದು. ಮಡದಿಗೆ ಭಾರ ಎತ್ತಬಾರದೆಂದು ವೈದ್ಯರ ಅಪ್ಪಣೆಯಿದೆ. ಹೀಗಾಗಿ ಬೆಳಗ್ಗೆ ಆರು ಗಂಟೆಗೆ ಹಗ್ಗ ಹಿಡಿಯುವವನು ನಾನು. ಕಟ್ಟೆಯ ಮೇಲೆ ಕುಳಿತು ಕೊಡಗಳನ್ನು ಎಣಿಸುವವಳು ಆಕೆ.